ಸಂಶಯದ ಲೋಟ

“ಬಾವಿ ಬೆಚ್ಚಗ ಐತ್ರಿ ಅಕ್ಕಾರ. ಆದ್ರ ನಾನು ಹೊರಗಾಗೀನಿ,” ಎಂದಳು ಹಾಲಮ್ಮ.

ಮಾತು ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ನಮ್ಮ ಊರಿನಲ್ಲಿ ಈ ಎರಡು ಮಾತನ್ನು ಒಬ್ಬಳೇ ಹೆಂಗಸು ಒಂದೇ ಉಸಿರಿನಲ್ಲಿ ಹೇಳಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಸೂಕ್ಷ್ಮದರ್ಶಕದ ಗಾಜು ಒರೆಸುತ್ತಿದ್ದವಳು ಒರೆಸುತ್ತಲೇ ಇದ್ದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು.

“ಒಂದೀಟು ರಕ್ತದ ಕಲಿ ಕಂಡಿರಬೇಕು. ಒಮ್ಮೊಮ್ಮೆ ಹಂಗಾಗತೈತಿ,” ಎಂದೆ. ಪುಸ್ತಕದಲ್ಲಿ ಹಾಗೆ ಓದಿದ್ದೆ.

“ಕಲಿ ಅಲ್ರಿ. ಐದೈದು ದಿನ. ಇದು ಮೂರನೇ ಸಲ.”

“ಮೂರನೇ ಸಲ? ಮನ್ಯಾಗ ಹೇಳಿಲ್ಲೇನು?”

“ಹೆಂಗ ಹೇಳ್ಲಿ? ಅತ್ತಿ ದಿನಾ ಬಾವಿಗೆ ಅರಿಶಿಣ ಹಚ್ಚತಾಳ. ಹಾಸಿಗಿ ಮ್ಯಾಲಿನ ಕಲಿ ನೋಡಿ ಇದೇನಬೇ ಅಂದ್ಲು. ನಿಮ್ಮ ಮಗನ ಅಂಗೀದು, ಗಿರಣಿ ಬಣ್ಣದ ಖೋಲಿ ಕೆಂಪು ಅಂದೆ. ಈ ಸಲ ಬಣ್ಣ ಭಾಳ ಗಟ್ಟಿ ಬಂದೈತಿ ಅಂದ್ಲು.” ನಗಲು ಹೊರಟ ಅವಳ ಬಾಯಿ ಅರ್ಧಕ್ಕೇ ನಿಂತಿತು. “ಬರೋ ಸೋಮಾರ ಮೂರು ತಿಂಗಳ ಬಸಿರಿನ ಕಳ್ಳ ಕುಬಸ ಇಟ್ಕೊಂಡಾರ. ಹಸಿರು ಬಳಿ ತಂದಿಟ್ಟಾರ. ನನ್ನ ಹೊಟ್ಟ್ಯಾಗ ಕೂಸು ಐತೋ ಇಲ್ಲೋ, ಅದೊಂದು ಹೇಳ್ರಿ ಸಾಕು.”

ಹೇಳಬೇಕಾದವಳು ನಾನೇ. ಆರಕ್ಕೆ ಆರು ಎಂದು ಬರೆದವಳೂ ನಾನೇ.

ನಮ್ಮ ಊರಿನಲ್ಲಿ ಹೆಣ್ಣಿಗೆ ಬಸಿರು ನಿಂತ ಮೂರನೆಯ ದಿನ ಆ ಮನೆಯ ಬಾವಿ ಬೆಚ್ಚಗಾಗುತ್ತದೆ. ಹೆರಿಗೆಯಾದ ದಿನ ತಣ್ಣಗಾಗುತ್ತದೆ. ನಡುವೆ ತಣ್ಣಗಾದರೆ ಯಾರೂ ಏನೂ ಕೇಳುವುದಿಲ್ಲ. ಒಂದು ವಾರ ಅಕ್ಕಪಕ್ಕದವರು ಆ ಮನೆಗೆ ರೊಟ್ಟಿ ಬುತ್ತಿ ಕಳಿಸುತ್ತಾರೆ, ಅಷ್ಟೆ. ಬಾವಿ ಬೆಚ್ಚಗಾದ ಮನೆಯವರು ಕುಡಿಯುವ ನೀರನ್ನು ಹೊಸ ಮಡಕೆಯಲ್ಲಿ ಆರಿಸಿಕೊಳ್ಳುತ್ತಾರೆ. ದೋಸೆಹಿಟ್ಟಿನ ಪಾತ್ರೆಯನ್ನು ಬಾವಿಕಟ್ಟೆಯ ಮೇಲಿಟ್ಟರೆ ಎರಡು ತಾಸಿನಲ್ಲಿ ಹುದುಗು ಬರುತ್ತದೆಂದು ನೆರೆಯವರು ತಮ್ಮ ಪಾತ್ರೆಯನ್ನೂ ತಂದಿಡುತ್ತಾರೆ. ಮಂಡಿನೋವಿನ ಮುದುಕರು ಕೊಡ ಹಿಡಿದು ಸಾಲು ನಿಲ್ಲುತ್ತಾರೆ. ನೀರಿಗೆ ಕೈ ಅದ್ದಿ ನೋಡಿದ ಮೇಲೆ ಯಾರೂ ಬೇರೆ ಪರೀಕ್ಷೆ ಮಾಡಿಸಲು ಆಸ್ಪತ್ರೆಗೆ ಬರುವುದಿಲ್ಲ. ನೀರು ಸುಳ್ಳು ಹೇಳುವುದಿಲ್ಲ ಎಂಬುದು ಇಲ್ಲಿ ಗಾದೆಯಲ್ಲ, ದಿನಚರಿ.

ನನ್ನ ಹೆಸರು ನೀಲಾಂಬಿಕೆ. ಹಗಲು ಐಸ್ ಕಾರ್ಖಾನೆಯಲ್ಲಿ ದುಡಿಯುತ್ತ, ಸಂಜೆ ಕಾಲೇಜಿನಲ್ಲಿ ಏಳು ವರ್ಷ ಕೂತು ಬಿ.ಎಸ್ಸಿ. ಮುಗಿಸಿದವಳು. ಬಾಗಿಲಿಗೆ ಬೀಗ ಹಾಕಿದ ಮೇಲೆ ಮೂರು ಸಲ ಎಳೆದು ನೋಡುವ ಸ್ವಭಾವ ನನ್ನದು. ನಾಲ್ಕನೆಯ ಸಲ ಎಳೆಯಲು ಅರ್ಧ ದಾರಿಯಿಂದ ವಾಪಸು ಬಂದದ್ದೂ ಉಂಟು. ಆರು ವರ್ಷದಿಂದ ಊರಿನ ಆಸ್ಪತ್ರೆಯ ತಂಪು ಖೋಲಿಯಲ್ಲಿ ಕೆಲಸ. ಗಂಡನಿಂದ ಮಕ್ಕಳಾಗದ ಮನೆಗಳಿಗೆ ದಾನಿಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಕಾಪಾಡಿ, ಬೇಕಾದ ದಿನ ಕರಗಿಸಿ ಕೊಡುವ ಖೋಲಿ ಅದು. ಗಿರಣಿಯ ಬಣ್ಣದ ಖೋಲಿಯಲ್ಲಿ ದುಡಿಯುವ ಗಂಡಸರಿಗೆ ಮಕ್ಕಳಾಗುವುದು ಕಡಿಮೆ. ಬಿಸಿಯೋ ರಸಾಯನವೋ, ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಗಿರಣಿಯವರು ಮೂರು ವರ್ಷದ ಹಿಂದೆ ಆ ಗಂಡಸರಿಗೆಂದೇ ಕಲ್ಲುಬಂಡೆಯ ಇಳಿಜಾರಿನಲ್ಲಿ ಎಂಟು ಮನೆಗಳ ಒಂದು ಸಾಲು ಕಟ್ಟಿಸಿದರು. ಬಂಡೆಗೆ ಮದ್ದು ಹಾಕಿ ಸಿಡಿಸಿ, ಮನೆಗೊಂದು ಬಾವಿ ತೋಡಿಸಿದರು. ಹಾಲಮ್ಮನದು ಆ ಸಾಲಿನ ಕಟ್ಟಕಡೆಯ ಮನೆ.

ತಂಪು ಖೋಲಿಯಲ್ಲಿ ಎರಡು ಕ್ಯಾನುಗಳಿದ್ದವು. ಹಳೆಯ ಕ್ಯಾನು ಚಮನ್ ಸಾಬರದು. ಅವರು ಇಪ್ಪತ್ತೆರಡು ವರ್ಷ ದನದ ಆಸ್ಪತ್ರೆಯಲ್ಲಿ ಹೋರಿಗಳ ವೀರ್ಯ ಹೆಪ್ಪುಗಟ್ಟಿಸಿ, ಆಮೇಲೆ ಇಲ್ಲಿಗೆ ಬಂದವರು. ಹಾಗಾಗಿ ಊರಿನವರು ಅವರನ್ನು ಹೋರಿಸಾಬ ಎಂದು ಕರೆಯುತ್ತಿದ್ದರು. ಅವರೂ ಓ ಎನ್ನುತ್ತಿದ್ದರು. ದ್ರವ ಸಾರಜನಕದ ಮಟ್ಟದಿಂದ ನಾಲ್ಕು ಬೆರಳು ಮೇಲೆ, ಹೊಗೆಯಂಥ ಆವಿಯಲ್ಲಿ ವೀರ್ಯ ತುಂಬಿದ ನಳಿಕೆಗಳನ್ನು ಅಡ್ಡ ಮಲಗಿಸಿ, ಸಾವಿರದವರೆಗೆ ಬಾಯಲ್ಲೇ ಎಣಿಸಿ, ಒಳಗೆ ಮುಳುಗಿಸುವುದು ಅವರ ಪದ್ಧತಿ. ಗಡಿಯಾರ ನೋಡುತ್ತಿರಲಿಲ್ಲ. ಹದಿನಾಲ್ಕು ವರ್ಷದ ಹಿಂದೆ ಹೊಳೆಗೆ ಸೇತುವೆ ಕಟ್ಟಲು ಬಂದ ಹೊರಗಿನ ಗಂಡಸರು ಹೋಗುವ ಮೊದಲು ಕೊಟ್ಟುಹೋದ ದಾನವೇ ಆ ಕ್ಯಾನಿನ ತುಂಬ ಇತ್ತು. ನಳಿಕೆಯ ಮೇಲೆ ಹೆಸರಿಲ್ಲ, ಅಂಕಿ ಮಾತ್ರ. ಮುನ್ನೂರ ಹನ್ನೆರಡು ಉಳಿದಿದ್ದವು.

ಹೊಸ ಕ್ಯಾನು ಯಂತ್ರದ್ದು. ನಮ್ಮ ಧನಪಾಲ ಡಾಕ್ಟರು ಬಹಳ ಕಡೆ ಓಡಾಡಿ ತರಿಸಿದ ಯಂತ್ರ. ನಿಮಿಷಕ್ಕೆ ಇಷ್ಟೇ ಡಿಗ್ರಿ ಎಂದು ನಿಧಾನವಾಗಿ ತಂಪು ಇಳಿಸುತ್ತದೆ, ಪರದೆಯ ಮೇಲೆ ಗೆರೆ ಎಳೆದು ತೋರಿಸುತ್ತದೆ. ನಮ್ಮ ಪಾಲಿಟೆಕ್ನಿಕ್ಕಿಗೆ ಪರವೂರುಗಳಿಂದ ಬಂದ ಹುಡುಗರು ಕೊಟ್ಟದ್ದನ್ನು ಅದರಲ್ಲಿ ಹೆಪ್ಪುಗಟ್ಟಿಸಿದ್ದೆವು. ಅಷ್ಟರಲ್ಲಿ ಸಾರಜನಕದ ಲಾರಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದದ್ದು ತಿಂಗಳಿಗೊಮ್ಮೆ ಆಯಿತು. ಬಂದದ್ದು ಒಂದು ಕ್ಯಾನಿಗಷ್ಟೇ ಸಾಲುತ್ತಿತ್ತು. ಯಾವುದನ್ನು ಉಳಿಸುವುದು? ಡಾಕ್ಟರು ನನ್ನನ್ನು ಕರೆದು, “ಭಾವನಾ ಬ್ಯಾಡ. ಅಂಕಿ ಕೊಡು. ಯಾವ ಪದ್ಧತಿಯೊಳಗ ಬಸಿರು ಹೆಚ್ಚು ನಿಲ್ಲತಾವ, ಬರದು ಕೊಡು,” ಎಂದರು. ನನಗೆ ಹೆಮ್ಮೆಯಾಯಿತು. ಅಲ್ಲಿಯವರೆಗೆ ಯಾರೂ ನನ್ನಿಂದ ಅಂಕಿ ಕೇಳಿರಲಿಲ್ಲ.

ಸಾಲುಮನೆಯ ಏಳು ಹೆಂಗಸರು ಆ ತಿಂಗಳು ಬಂದರು. ವಯಸ್ಸು ಚಿಕ್ಕದಿದ್ದ ಆರು ಮಂದಿಗೆ ಯಂತ್ರದ ನಳಿಕೆ ಕೊಟ್ಟೆ. ಏಳನೆಯವರು ತುಳಸಕ್ಕ, ಸಾಲಿನ ತುದಿಯ ಮೇಲುಮನೆಯವರು, ಕನ್ನಡಶಾಲೆಯಲ್ಲಿ ಕಲಿಸುವವರು. ನಲವತ್ತೊಂದು ದಾಟಿದ್ದರು. ಅವರಿಗೆ ಏನೂ ಆಗುವುದಿಲ್ಲ, ಒಳ್ಳೆಯ ನಳಿಕೆ ಯಾಕೆ ಹಾಳು ಮಾಡುವುದು ಎಂದುಕೊಂಡು ಚಮನ್ ಸಾಬರ ನಳಿಕೆ ಕೊಟ್ಟೆ. ಹೀಗೆ ಆರಿಸಿ ಕೊಟ್ಟರೆ ಅದು ಹೋಲಿಕೆಯೇ ಅಲ್ಲ ಎಂಬುದು ಸಂಜೆ ಕಾಲೇಜಿನ ಮೇಷ್ಟ್ರು ಹೇಳಿದ ಪಾಠ. ಆ ದಿನ ನಾನು ತೂಕಡಿಸುತ್ತಿದ್ದೆನೋ ಏನೋ. ವಾರದೊಳಗೆ ಏಳೂ ಬಾವಿ ಬೆಚ್ಚಗಾದವು. ಸಾಲುಮನೆಯಲ್ಲಿ ಹಬ್ಬ. ನಾನು ಹೋಗಿ ಪ್ರತಿ ಬಾವಿಯಿಂದ ಒಂದು ಕೊಡ ಎಳೆದು, ಕೈ ಅದ್ದಿ, ಬರೆದುಕೊಂಡೆ. ಯಂತ್ರದ್ದು ಆರಕ್ಕೆ ಆರು. ಚಮನ್ ಸಾಬರದು, ನಾನು ಬಂದಾಗಿನಿಂದ ಎಣಿಸಿದರೆ, ನಲವತ್ತಕ್ಕೆ ಹನ್ನೊಂದು. ವರದಿಯನ್ನು ಡಾಕ್ಟರು ಗೋಡೆಗೆ ಅಂಟಿಸಿದರು. ಹಳೆಯ ಕ್ಯಾನಿಗೆ ಸಾರಜನಕ ಹಾಕುವುದನ್ನು ನಿಲ್ಲಿಸಿದರು. ಚಮನ್ ಸಾಬರಿಗೆ ಶಾಲು ಹೊದಿಸಿ ಮನೆಗೆ ಕಳಿಸಿದರು.

ಈಗ ಹಾಲಮ್ಮ ಎದುರಿಗೆ ನಿಂತಿದ್ದಳು.

ನಳಿಕೆ ಕರಗಿಸುವ ತೊಟ್ಟಿಯ ಉಷ್ಣಮಾಪಕವನ್ನು ತೆಗೆದು, ಅದಕ್ಕೆ ದಾರ ಕಟ್ಟಿಕೊಂಡು ಅವಳ ಹಿಂದೆ ನಡೆದೆ. ಕೈ ಅದ್ದಿ ನೋಡುವ ಊರಿನಲ್ಲಿ ಬಾವಿಗೆ ಉಷ್ಣಮಾಪಕ ಇಳಿಸಿದವರು ನನಗಿಂತ ಮುಂಚೆ ಯಾರೂ ಇರಲಿಲ್ಲ ಎಂದು ಕಾಣುತ್ತದೆ. ಹಾಲಮ್ಮನ ಅತ್ತೆ ಕೆಂಚವ್ವ, “ಯವ್ವಾ, ನೀರಿಗೂ ಜ್ವರ ನೋಡತೀಯೇನ?” ಎಂದು ನಕ್ಕಳು. ಮೂವತ್ತನಾಲ್ಕೂವರೆ. ತಣ್ಣನೆಯ ಬಾವಿ ಇಪ್ಪತ್ತಾರಿರುತ್ತದೆ. ಹಾಗಾದರೆ ಇದು ಬಸಿರಿನ ನೀರೇ. ಏನೂ ಅರ್ಥವಾಗದೆ ಪಕ್ಕದ ಮನೆಗೆ ಹೋದೆ. ಮೂವತ್ತೈದು. ಅದರಾಚೆ ಮೂವತ್ತೈದೂವರೆ. ಮೇಲೆ ಹೋದ ಹಾಗೆ ಒಂದೊಂದು ಮನೆಗೆ ಅರ್ಧರ್ಧ ಡಿಗ್ರಿ ಏರುತ್ತಿತ್ತು. ತುದಿಯಲ್ಲಿ ತುಳಸಕ್ಕನ ಬಾವಿ ಮೂವತ್ತೆಂಟು. ಬಾವಿಕಟ್ಟೆಗೆ ಒರಗಿ ಕೂತಿದ್ದ ತುಳಸಕ್ಕ ವಾಂತಿ ಮಾಡಿಕೊಂಡು ಆಗಷ್ಟೇ ಬಾಯಿ ತೊಳೆದಿದ್ದರು. “ಈ ವಯಸ್ಸಿನ್ಯಾಗ ಇದೇನ್ ಬ್ಯಾಸರ ನೀಲಮ್ಮ, ಮಕ್ಕಳ ಮುಂದ ಮಗ್ಗಿ ಹೇಳಕೋತ ಓಡಿ ಹೋಗೂದು,” ಎಂದು ಹೇಳುತ್ತ ನಾಚಿದರು.

ಬಿಸಿ ಮೇಲಿನಿಂದ ಇಳಿದು ಬರುತ್ತಿದ್ದಂತಿತ್ತು. ಆದರೂ ಇದು ನನ್ನ ಅತಿಶಂಕೆ ಇರಬಹುದು, ಒಂದು ಬಾವಿ ಬಿಟ್ಟಿದ್ದೇನಲ್ಲ ಎಂದುಕೊಂಡೆ. ಮೇಲಿನಿಂದ ಮೂರನೆಯ ಮನೆ ಗುರುಪಾದಪ್ಪನವರದು. ಬಣ್ಣದ ಖೋಲಿಯಿಂದ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಎಂಟು ವರ್ಷ, ಒಬ್ಬರೇ ಇರುತ್ತಾರೆ. ಅವರ ಬಾವಿಯ ಮೇಲೆ ತಗಡು ಮುಚ್ಚಿ ಕಲ್ಲು ಹೇರಿತ್ತು. ಕೊಡ ಹಿಡಿದು ಅವರು ಬೀದಿನಲ್ಲಿಯ ಕಡೆಗೆ ಹೊರಟಿದ್ದರು.

“ಕಾಕಾ, ಬಾವಿ ಯಾಕ ಮುಚ್ಚೀರಿ?”

“ಹಾವು ಬಿದ್ದೈತಿ.”

“ಯಾವಾಗ?”

“ಮೂರು ತಿಂಗಳಾತು.”

“ಮೂರು ತಿಂಗಳಿಂದ ಹಾವು ತಗಸಿಲ್ಲೇನು? ಸರೀರಿ, ನಾನು ನೋಡತೀನಿ.”

“ಬ್ಯಾಡವ್ವ ನಿನ್ನ ಕಾಲಿಗೆ ಬೀಳತೀನಿ!” ಎಂದು ಆ ಅರವತ್ತೆರಡು ವರ್ಷದ ಮನುಷ್ಯ ತಗಡಿನ ಮೇಲೆ ಕೂತುಬಿಟ್ಟರು. ಅವರ ಕಿವಿ ಕೆಂಪಾಗಿದ್ದವು. “ನೀರು ಬೆಚ್ಚಗಾಗೈತಿ. ನನ್ನ ಮನ್ಯಾಗ ಯಾರದಾರ ನೀನ ಹೇಳು? ಒಂದು ಹೆಣ್ಣು ಬೆಕ್ಕು ಸೈತ ಇಲ್ಲ. ಮಂದಿ ಏನಂದಾರು? ಕೆಂಚವ್ವನಂಥ ಬಾಯಿ ಇದ್ದ ಸಾಲಿನ್ಯಾಗ ಹೆಂಗ ಬದುಕ್ಲಿ?”

ನಾನು ತಗಡು ಸರಿಸಿ ದಾರ ಇಳಿಸಿದೆ. ಮೂವತ್ತೇಳು. ಸರಿಯಾಗಿ ಮೂವತ್ತೇಳು.

ಹೆಂಗಸೇ ಇಲ್ಲದ ಮನೆಯ ಬಾವಿ ಬಸಿರಿನ ನೀರು ಹಿಡಿದು ಕೂತಿತ್ತು. ಮದ್ದು ಹಾಕಿ ಸಿಡಿಸಿದ ಬಂಡೆಯ ಬಿರುಕು ಮೇಲಿನಿಂದ ಕೆಳಗಿನವರೆಗೆ ಒಂದೇ. ಎಂಟು ಬಾವಿಯಲ್ಲಿ ಓಡುತ್ತಿದ್ದದ್ದು ಒಂದೇ ಸೆಲೆ. ಮೇಲಿನಿಂದ ಕೆಳಗೆ ಬಿಸಿ ಆರುತ್ತ ಬಂದಿತ್ತು, ನಡುವೆ ಎಲ್ಲೂ ಏರಿರಲಿಲ್ಲ. ಬಸಿರಾದವರು ತುಳಸಕ್ಕ ಒಬ್ಬರೇ, ಅದೂ ಚಮನ್ ಸಾಬರ ನಳಿಕೆಯಿಂದ. ಯಂತ್ರದ್ದು ಆರಕ್ಕೆ ಸೊನ್ನೆ. ನಾನು ಬಸಿರನ್ನು ಎಣಿಸಿರಲಿಲ್ಲ, ಬಾವಿಗಳನ್ನು ಎಣಿಸಿದ್ದೆ.

ಆಸ್ಪತ್ರೆಗೆ ಹೇಗೆ ಬಂದೆನೋ ನೆನಪಿಲ್ಲ. ಚಪ್ಪಲಿ ಒಂದೇ ಇತ್ತು, ಅದು ಆಮೇಲೆ ಗೊತ್ತಾಯಿತು. ಹಳೆಯ ಕ್ಯಾನಿನ ಮುಚ್ಚಳ ತೆಗೆದು ಕಪ್ಪು ಬಣ್ಣದ ಅಳತೆಕೋಲನ್ನು ತಳಕ್ಕೆ ಮುಟ್ಟಿಸಿ ಹೊರಗೆಳೆದು ಗಾಳಿಯಲ್ಲಿ ಬೀಸಿದೆ. ಸಾರಜನಕ ಇದ್ದಷ್ಟು ಉದ್ದಕ್ಕೂ ಕೋಲಿನ ಮೇಲೆ ಬಿಳಿಯ ಹಿಮ ಹೂವಿನ ಹಾಗೆ ಕೂರುತ್ತದೆ. ಬೀಸಿದೆ. ಮತ್ತೆ ಬೀಸಿದೆ. ಕೋಲು ಕಪ್ಪಗೇ ಇತ್ತು. ಒಂದು ನಳಿಕೆ ತೆಗೆದು ಬೆರಳಲ್ಲಿ ಹಿಡಿದೆ. ಬೇಸಿಗೆಯಲ್ಲಿ ಜೇಬಿನಲ್ಲಿಟ್ಟ ಪೆನ್ನಿನ ಹಾಗೆ ಉಗುರುಬೆಚ್ಚಗಿತ್ತು.

ಮುನ್ನೂರ ಹನ್ನೆರಡು.

ಧನಪಾಲ ಡಾಕ್ಟರು ಕೇಳಿದ ತಕ್ಷಣ ಬೈದರು. “ನೀರು ಸುಳ್ಳು ಹೇಳೂದಿಲ್ಲ ನೀಲಾಂಬಿಕಾ. ನಿನ್ನ ಥರ್ಮಾಮೀಟರ್ ಹೇಳತೈತಿ. ಬೀಗ ನಾಕ ಸಲ ಜಗ್ಗಿ ನೋಡೋ ನಿನ್ನ ಹುಚ್ಚು ಈಗ ಬಾವಿತನಕ ಬಂತೇನು?” ನಾನು ಗುರುಪಾದಪ್ಪನವರ ಬಾವಿಯ ಮಾತು ಹೇಳಿದೆ. ಅವರು ಮೆಲ್ಲಗೆ, “ಗುರುಪಾದಪ್ಪನ ಬಾವಿನೂ?” ಎಂದರು. ಎದ್ದುಹೋಗಿ ಗೋಡೆಯ ಮೇಲಿನ ನನ್ನ ವರದಿಯ ಎದುರು ನಿಂತರು. “ಮೂರು ತಿಂಗಳಾತು. ಆರು ಮಂದಿಯೊಳಗ ಒಬ್ಬಾಕಿನ್ನೂ ಕರೆದು ನಾ ಕೇಳಲಿಲ್ಲಲ್ಲ,” ಎಂದರು. ಅದು ನನಗೆ ಹೇಳಿದ್ದಲ್ಲ.

ನನ್ನಲ್ಲಿ ಒಂದೇ ಆಸೆ ಉಳಿದಿತ್ತು. ಚಮನ್ ಸಾಬರು ಹದಿನಾಲ್ಕು ವರ್ಷ ಕಾಪಾಡಿದ ವಸ್ತುವನ್ನು ಸುಮ್ಮನೆ ಬಿಟ್ಟುಹೋಗಿರಲಾರರು, ದನದ ಆಸ್ಪತ್ರೆಯ ಹಳೆಯ ಸ್ನೇಹಿತರ ಹತ್ತಿರ ಒಂದಿಷ್ಟು ತೆಗೆದಿಟ್ಟಿರುತ್ತಾರೆ ಎಂದು. ಅವರು ಮನೆಯ ಮುಂದೆ ಮಂಚಕ್ಕೆ ನವಾರು ಬಿಗಿಯುತ್ತಿದ್ದರು.

“ಬಾ ಬೇಟಿ. ಆ ತುದಿ ಹಿಡಿ,” ಎಂದರು. ಹಿಡಿದೆ. ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಅವರ ಕೈ ನಿಂತಿತು.

“ಗ್ಯಾಸು ನಿಲ್ಲಿಸಿ ಎಷ್ಟು ದಿನ ಆತು?”

“ಎಪ್ಪತ್ತಾರು.”

“ಅದು ಹದಿನೆಂಟು ದಿನದ ಕ್ಯಾನು.”

“ಚಾಚಾ, ನೀವು ಏನರ ತಗದು ಬ್ಯಾರೆ ಕಡೆ...”

“ಯಾಕ ತಗೀಲಿ?” ಅವರಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ನೀ ಬರದಿದ್ದು ತರಿಸಿ ಓದಿಸ್ದೆ. ಮೊಮ್ಮಗಳು ಎರಡು ಸಲ ಓದಿದ್ಲು. ಆರಕ್ಕ ಆರು. ಹೋರೀದು ಇಪ್ಪತ್ತೆರಡು ವರ್ಷ, ಮನಷ್ಯಾರದು ಹದಿನಾಲ್ಕು ವರ್ಷ ಮಾಡೀನಿ, ಆರಕ್ಕ ಆರು ಕಣ್ಣಿಲೆ ಕಂಡಿಲ್ಲ ನಾನು. ಅವತ್ತು ಅತ್ತೆ ಬೇಟಿ. ಕೆಲಸ ಹೋತು ಅಂತಲ್ಲ. ನಲವತ್ತರಾಗ ಇಪ್ಪತ್ತೊಂಬತ್ತು ಕೂಸು ನನ್ನ ಕೈಯಾಗ ಹ್ವಾದ್ವಲ್ಲ, ಮಿಶನ್ ಮೊದಲ ಬಂದಿದ್ರ ಅವು ಉಳೀತಿದ್ವಲ್ಲ ಅಂತ ಅತ್ತೆ. ನೀ ಒಂದು ಅಕ್ಷರಾ ಸುಳ್ಳು ಬರಿಯಾಕಿ ಅಲ್ಲ. ಮೂರು ಮೂರು ಸಲ ಎಣಸಾಕಿ. ನಿನ್ನ ನಂಬಿದೆ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಳ್ಳತನ ಮಾಡಿ ಬಚ್ಚಿಟ್ಟಿದ್ದರೆ ಕಾಲಿಗೆ ಬೀಳುತ್ತಿದ್ದೆ. ಅವರು ತಮ್ಮ ಮೂವತ್ತಾರು ವರ್ಷದ ಕೈಗಿಂತ ನನ್ನ ಒಂದು ಹಾಳೆಯನ್ನು ಹೆಚ್ಚು ನಂಬಿದ್ದರು. ನವಾರಿನ ತುದಿ ನನ್ನ ಕೈಯಿಂದ ಜಾರಿತು. ಬಿಗಿದದ್ದೆಲ್ಲ ಸಡಿಲವಾಗಿ ಮಂಚದ ನಡುವೆ ಬಿತ್ತು.

ಅವರು ಬಗ್ಗಿ ನವಾರಿನ ತುದಿ ಎತ್ತಿಕೊಂಡು, “ನಿನ್ನ ಶಕ್ಕಿನ ಲೋಟ ಎಲ್ಲೈತಿ?” ಎಂದರು.

ಅದನ್ನು ನಾನು ಮರೆತೇಬಿಟ್ಟಿದ್ದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಕ್ಯಾನಿನ ಎಲ್ಲ ನಳಿಕೆ ಪಟ್ಟಿ ಮಾಡುವಾಗ, ಕೆಲವುಗಳ ಮೇಲಿನ ಅಂಕಿ ಮಸುಕಾಗಿತ್ತು. ಮೂರೋ ಎಂಟೋ, ಒಂದೋ ಏಳೋ. ಡಾಕ್ಟರು ಬಿಸಾಕು ಎಂದಿದ್ದರು. ಬಿಸಾಕಲು ಧೈರ್ಯವಾಗಲಿಲ್ಲ, ಪಟ್ಟಿಗೆ ಸೇರಿಸಲೂ ಧೈರ್ಯವಾಗಲಿಲ್ಲ. ಅವುಗಳನ್ನು ಒಂದು ಸಣ್ಣ ಲೋಟದಲ್ಲಿ ಬೇರೆ ಇಟ್ಟು, ಸಂಶಯ ಎಂದು ಚೀಟಿ ಅಂಟಿಸಿದ್ದೆ. ಚಮನ್ ಸಾಬರು ಎಷ್ಟೋ ಸಲ ನಕ್ಕಿದ್ದರು: “ನಿನ್ನ ಮದುವಿಗೂ ಇಂಥಾದ್ದ ಒಂದು ಲೋಟ ಇಟ್ಟಿದ್ದೇನ ಬೇಟಿ?” ಹೊಸ ಕ್ಯಾನು ಬಂದಾಗ, ಹಳೆಯದರಲ್ಲಿ ಇದ್ದರೆ ಯಾರಾದರೂ ತಪ್ಪಿ ಬಳಸಿಯಾರು ಎಂಬ ಹೆದರಿಕೆಯಿಂದ ಆ ಲೋಟವನ್ನು ಯಂತ್ರದ ಕ್ಯಾನಿನ ತಳಕ್ಕೆ ಇಳಿಸಿದ್ದೆ.

ಓಡಿದೆವು. ಎಪ್ಪತ್ತರ ಚಮನ್ ಸಾಬರು ನನಗಿಂತ ಮುಂದೆ ಓಡಿದರು. ಹೊಸ ಕ್ಯಾನಿಗೆ ಇಕ್ಕಳ ಇಳಿಸಿ ಲೋಟ ಎತ್ತಿದರು. ಬಿಳಿಯ ಹೊಗೆ ಸುರಿಯಿತು. ಒಂಬತ್ತು ನಳಿಕೆ. ಎಲ್ಲವೂ ಸೇತುವೆಯವರದು, ಎಲ್ಲರ ರಕ್ತಪರೀಕ್ಷೆ ಆಗಿತ್ತು. ಯಾರದು ಯಾವುದು ಎಂಬುದಷ್ಟೇ ಅಳಿಸಿಹೋಗಿತ್ತು. ಒಂದನ್ನು ಕರಗಿಸಿ ಗಾಜಿನ ಮೇಲೆ ಹಾಕಿ ನೋಡಿದೆ. ನೂರರಲ್ಲಿ ನಲವತ್ತು ಓಡುತ್ತಿದ್ದವು. ಮೂರು ಸಲ ಎಣಿಸಿದೆ. ಆಮೇಲೆ ಚಮನ್ ಸಾಬರಿಗೆ ನೋಡಲು ಬಿಟ್ಟೆ. ಅವರು ಎಣಿಸಲಿಲ್ಲ, ಸುಮ್ಮನೆ ನೋಡುತ್ತ ಕೂತರು.

ಮರುದಿನ ಬೆಳಿಗ್ಗೆ ಆರು ಮಂದಿಯನ್ನೂ ತಂಪು ಖೋಲಿಗೆ ಕರೆಸಿದೆವು. ಡಾಕ್ಟರು ತಾವೇ ಹೇಳುತ್ತೇನೆಂದರು. ನಾನು ಬೇಡವೆಂದೆ, ಬರೆದವಳು ನಾನು. ಬಾಗಿಲು ಹಾಕಿ, ನಿಂತುಕೊಂಡೇ ಹೇಳಿದೆ. ಮುಗಿದಾಗ ಹಾಲಮ್ಮ, “ನಾನು ಮೂರು ಸಲ ಹೊರಗಾದೆ,” ಎಂದಳು. ಅವಳ ಪಕ್ಕದವಳು ತಟ್ಟನೆ ತಿರುಗಿದಳು.

“ನೀನೂ?”

“ಅಂದ್ರ ನೀನೂ?”

“ಅದಕ್ಕ ನೀ ನಸುಕಿನ್ಯಾಗ ಎದ್ದು ಬಟ್ಟಿ ಒಗ್ಯಾಕ ಹೊಳಿಗೆ ಹೋಗತಿದ್ದೆ? ನಾನು ಉಪವಾಸ ಹಿಡದೀ ಅಂತ ತಿಳಕೊಂಡಿದ್ನಲ್ಲೇ!”

“ನೀ ಹೊಳ್ಯಾಗ ಕಂಡಿದ್ದಿ ಅಂದ್ರ ನೀ ಯಾಕ ಬಂದಿದ್ದಿ ಮತ್ತ?”

ಯಾರೋ ನಕ್ಕರು. ಆ ನಗು ಖೋಲಿಯ ಸುತ್ತ ಒಂದು ಸುತ್ತು ಬಂದು, ಅಳುವಾಗಿ ನಿಂತಿತು. ಒಂದೇ ಸಾಲಿನ ಆರು ಮನೆಗಳಲ್ಲಿ ಆರು ಹೆಂಗಸರು, ಗೋಡೆಗೆ ಗೋಡೆ ತಾಗಿಸಿಕೊಂಡು, ಮೂರು ತಿಂಗಳು ತಮ್ಮ ಮೈಯನ್ನು ಅಪನಂಬಿ ನೀರನ್ನು ನಂಬಿದ್ದರು. ಈರಮ್ಮ ಎಂಬವಳು ಎದ್ದು ಬಂದು, “ಬರದ ಕೈ ಸೇದಿ ಹೋಗ್ಲಿ ನಿಂದು,” ಎಂದು ನನ್ನ ಪುಸ್ತಕವನ್ನು ನೆಲಕ್ಕೆ ಎಸೆದು ಹೊರಟುಹೋದಳು. ಇನ್ನೊಬ್ಬಳು ಅವಳ ಹಿಂದೆ ಹೋದಳು. ಎತ್ತಿಕೊಳ್ಳಲು ನಾನು ಬಗ್ಗಲಿಲ್ಲ.

“ಎಂಟು ಉಳದಾವ,” ಎಂದೆ ಉಳಿದ ನಾಲ್ವರಿಗೆ. “ಯಾರದು ಅಂತ ನಮಗ ಗೊತ್ತಿಲ್ಲ. ನಿಲ್ಲತೈತಿ ಅಂತ ನಾನು ಹೇಳೂದಿಲ್ಲ. ಚಾಚಾರ ಕೈಯಿಂದ ನಲವತ್ತಕ್ಕ ಹನ್ನೊಂದು, ತುಳಸಕ್ಕನ್ನ ಹಿಡದು. ಯಂತ್ರ ಕೆಟ್ಟದ್ದು ಅಂತಾನೂ ಹೇಳಂಗಿಲ್ಲ. ಆರು ಮಂದಿಯಿಂದ ಏನೂ ಗೊತ್ತಾಗೂದಿಲ್ಲ. ನನಗ ಗೊತ್ತಿರೋದು ಇಷ್ಟ.”

“ಯಾರದು ಅಂತ ಮೊದಲರ ಎಲ್ಲಿ ಗೊತ್ತಿತ್ರಿ?” ಎಂದಳು ಹಾಲಮ್ಮ. “ಕೂಸಿಗೆ ಅಪ್ಪ ನನ್ನ ಗಂಡ ಕೊಟ್ರೇಶಿ. ಅಂಕಿ ಅಳಿಸಿದ್ರ ಏನಾತು, ಅವೇನು ಸಾಲಿಗೆ ಹೋಗತಾವೇನು ಹಾಜರಿ ಕೂಗಾಕ?”

ಸೋಮವಾರದ ಕುಬಸ ನಡೆಯಲಿಲ್ಲ. ಸೊಸೆ ಎಲ್ಲ ಹೇಳಿದಾಗ ಕೆಂಚವ್ವ ಕೂಗಾಡುತ್ತಾಳೆಂದು ನಾನು ಹೆದರಿದ್ದೆ. ಅವಳು ಬಾವಿಯ ಹತ್ತಿರ ಹೋಗಿ, ಕೊಡ ಎಳೆದು, ಮೊಣಕೈವರೆಗೆ ಕೈ ಅದ್ದಿ ನಿಂತಳಂತೆ. “ಹಂಗಾದ್ರ ಈ ನೀರು ತುಳಸವ್ವಂದು,” ಎಂದಳಂತೆ. ಹಸಿರು ಬಳೆಯ ಗಂಟನ್ನು ಕೊಡದ ಮೇಲಿಟ್ಟುಕೊಂಡು ಸಾಲಿನುದ್ದಕ್ಕೂ ಏರಿ ತುಳಸಕ್ಕನ ಮನೆಗೆ ಹೋಗಿ ಕೊಟ್ಟು ಬಂದಳು. ಬರುವಾಗ ಗುರುಪಾದಪ್ಪನವರ ತಗಡಿನ ಮೇಲಿನ ಕಲ್ಲನ್ನು ಕಾಲಿನಿಂದ ಉರುಳಿಸಿ, “ಏ ಮುದುಕಾ, ಎಷ್ಟನೇ ತಿಂಗಳು ನಿನಗ?” ಎಂದಳಂತೆ. ಸಾಲುಮನೆ ಆ ದಿನ ಮೊದಲ ಸಲ ನಕ್ಕಿತು ಎಂದು ಹಾಲಮ್ಮ ಹೇಳಿದಳು.

ಹಾಲಮ್ಮನ ಸರದಿಯ ದಿನ ಬೆಳಿಗ್ಗೆಯಿಂದ ಕರೆಂಟು ಇರಲಿಲ್ಲ. ನಳಿಕೆ ಕರಗಿಸಲು ಸರಿಯಾಗಿ ಮೂವತ್ತೇಳು ಡಿಗ್ರಿಯ ನೀರು ಬೇಕು, ತೊಟ್ಟಿ ತಣ್ಣಗಾಗಿತ್ತು. ಒಲೆಯ ಮೇಲೆ ನೀರು ಕಾಯಿಸಿದರೆ ಹೆಚ್ಚಾದೀತು, ಕಡಿಮೆಯಾದೀತು ಎಂದು ನಾನು ಒದ್ದಾಡುತ್ತಿದ್ದಾಗ ಚಮನ್ ಸಾಬರು, “ಗುರುಪಾದಪ್ಪನ ಬಾವಿ ಸರಿಯಾಗಿ ಮೂವತ್ತೇಳು ಐತಿ ಅಂತ ನೀನ ಹೇಳಿದ್ದೆಲ್ಲ?” ಎಂದರು. ಗುರುಪಾದಪ್ಪನವರು ಕೊಡವನ್ನು ಕಂಬಳಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿ ತಂದರು. ಬಾಗಿಲ ಆಚೆಯೇ ನಿಂತು ಕೊಟ್ಟರು. ಉಷ್ಣಮಾಪಕ ಇಳಿಸಿದೆ. ದಾರಿಯಲ್ಲಿ ಒಂದು ಕೂದಲೆಳೆಯಷ್ಟೂ ಆರಿರಲಿಲ್ಲ. ತುಳಸಕ್ಕನ ಬಸಿರಿನ ಬಿಸಿಯಲ್ಲಿ, ಹೆಂಗಸಿಲ್ಲದ ಮನೆಯ ನೀರಿನಲ್ಲಿ ನಳಿಕೆ ಅರ್ಧ ನಿಮಿಷದಲ್ಲಿ ಕರಗಿತು. ಉಳಿದ ಕೆಲಸ ಡಾಕ್ಟರು ಮಾಡಿದರು.

ಇನ್ನು ಕಾಯಬೇಕು. ಆದರೆ ನಮ್ಮ ಊರಿನವರಿಗೆ ಕಾಯುವುದು ಬರುವುದಿಲ್ಲ. ಮೂರನೆಯ ದಿನ ಕೈ ಅದ್ದಿದರೆ ಮುಗಿಯಿತು. ಈಗ ಸಾಲುಮನೆಯ ನೀರು ಮೊದಲೇ ಬೆಚ್ಚಗಿದೆ, ಅದರಿಂದ ಏನೂ ತಿಳಿಯುವಂತಿಲ್ಲ. ಹೆಂಗಸರು ಬಾವಿಕಟ್ಟೆಗೆ ಬೆನ್ನು ತಿರುಗಿಸಿ ಕೂರುವುದನ್ನು ಕಲಿತರು. ನಾನು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುನ್ನ ಎಂಟೂ ಬಾವಿಗೆ ಉಷ್ಣಮಾಪಕ ಇಳಿಸುತ್ತಿದ್ದೆ. ಬೀಗ ಎಳೆದು ನೋಡಿದ ಹಾಗೆ. ಮೂವತ್ತೆಂಟು, ಮೂವತ್ತೇಳೂವರೆ, ಮೂವತ್ತೇಳು, ಹೀಗೆ ಇಳಿಯುತ್ತ ಇಳಿಯುತ್ತ ಕೊನೆಗೆ ಹಾಲಮ್ಮನದು ಮೂವತ್ತನಾಲ್ಕೂವರೆ. ಹತ್ತು ದಿನ ಹಾಗೇ ಇತ್ತು. ಹದಿನೈದು ದಿನ ಹಾಗೇ ಇತ್ತು. ಆಮೇಲೆ ನನಗೆ ಜ್ವರ ಬಂದು ಒಂಬತ್ತು ದಿನ ಹಾಸಿಗೆ ಹಿಡಿದೆ. ಮೂರನೆಯ ದಿನವೇ ಬರಬೇಕಿದ್ದದ್ದು ಬರಲಿಲ್ಲ, ಇನ್ನೇನು ಬಂದೀತು ಎಂದು ಅಷ್ಟೂ ದಿನ ಗೋಡೆಗೆ ಮುಖ ಹಾಕಿ ಮಲಗಿದ್ದೆ.

ಎದ್ದ ದಿನ ಬೆಳಿಗ್ಗೆ ಹೋದೆ. ಮೇಲಿನಿಂದ ಇಳಿಸುತ್ತ ಬಂದೆ. ಏಳನೆಯ ಮನೆಯದು ಮೂವತ್ತೈದು. ಹಾಲಮ್ಮನದಕ್ಕೆ ಇಳಿಸಿದೆ. ಮೂವತ್ತಾರು ಮತ್ತು ಎರಡು ಗೆರೆ.

ದಾರ ಕೈಯಿಂದ ಜಾರಿ ಉಷ್ಣಮಾಪಕ ಬಾವಿಗೆ ಬೀಳುವುದರಲ್ಲಿತ್ತು. ಮತ್ತೆ ಇಳಿಸಿದೆ. ಮೂವತ್ತಾರು, ಎರಡು ಗೆರೆ. ಏಳನೆಯ ಮನೆಗೆ ವಾಪಸು ಓಡಿ ನೋಡಿದೆ, ಮೂವತ್ತೈದು. ನೀರು ಕೆಳಗಿನಿಂದ ಮೇಲಕ್ಕೆ ಹರಿಯುವುದಿಲ್ಲ. ಮೇಲಿನ ಮನೆಗಿಂತ ಕೆಳಗಿನ ಮನೆ ಬಿಸಿಯಾದರೆ, ಆ ಬಿಸಿ ಮೇಲಿನಿಂದ ಬಂದದ್ದಲ್ಲ. ಬಿಸಿ ನೀರಿನ ಮೇಲೆ ಇನ್ನಷ್ಟು ಬಿಸಿ ಕಾಣಲು ತಡವಾಯಿತೇನೋ. ಇಲ್ಲವೇ ನಾನು ನೋಡಿದ್ದು ತಪ್ಪೇನೋ. ಅಥವಾ ಜ್ವರದಲ್ಲಿ ಉಷ್ಣಮಾಪಕವನ್ನು ಒಮ್ಮೆ ಬಾಯಿಗಿಟ್ಟುಕೊಂಡಿದ್ದೆ, ಅದರಿಂದ ಕೆಟ್ಟಿತೇನೋ. ಪುಸ್ತಕ ತೆರೆದು ಪೆನ್ನಿನ ಟೋಪಿ ತೆಗೆದೆ.

ತೆಗೆದವಳು ನಿಂತೆ. ಟೋಪಿ ಹಾಕಿದೆ. ಪುಸ್ತಕ ಮುಚ್ಚಿ ಬಾವಿಕಟ್ಟೆಯ ಮೇಲಿಟ್ಟು, ಹೋಗಿ ಹಾಲಮ್ಮನ ಹಿತ್ತಿಲ ಬಾಗಿಲು ಬಡಿದೆ. ಅವಳು ರೊಟ್ಟಿ ತಟ್ಟುತ್ತಿದ್ದ ಹಿಟ್ಟಿನ ಕೈಯಲ್ಲೇ ಬಂದಳು.

“ಹಾಲಮ್ಮ,” ಎಂದೆ. “ಈ ತಿಂಗಳು ಹೊರಗಾದೇನವ್ವ?”

ಅವಳು ಮೊದಲು ಬಾವಿಕಟ್ಟೆಯ ಮೇಲಿನ ಪುಸ್ತಕ ನೋಡಿದಳು, ಆಮೇಲೆ ನನ್ನ ಖಾಲಿ ಕೈ ನೋಡಿದಳು.

“ಇಲ್ರಿ ಅಕ್ಕಾರ. ಹತ್ತು ದಿನ ಮೀರೇತಿ,” ಎಂದಳು. “ಹೇಳಬೇಕಂತ ಎರಡು ಸಲ ನಿಮ್ಮ ಮನೀ ತನಕ ಬಂದಿದ್ದೆ. ಮತ್ತ ಬರ್ಕೊಂಡಾರು ಅಂತ ಅಂಜಿ ಹೊಳ್ಳಿ ಹೋದೆ.”